ಮಗ್ಗದ ಕುಣಿಯಲ್ಲಿ ಬಚ್ಚಿಟ್ಟ ಗುಳಿಗೆ

ಜೈಲಿನ ಫಲಕ ಹೊಡೆಸಿ ಪುಣ್ಯ ಕಟ್ಟಿಕೊಂಡ ಆರೋಗ್ಯಾಧಿಕಾರಿಗಳೇ,

ಇಳಕಲ್ಲಿನ ನೇಕಾರರ ಓಣಿಯ ಮಹಾನಂದಾ ಸತ್ತಳು. ನೀವೇ ಕೊಂದಿರಿ ಎಂದು ನಾನು ಬರೆಯುತ್ತಿಲ್ಲ. ಅವಳು ಬದುಕಬಹುದಾಗಿದ್ದ ಎರಡೂ ಬಾಗಿಲಿಗೆ ಬೀಗ ಹಾಕಿ ಕೀಲಿಕೈ ಜೇಬಿಗಿಳಿಸಿದಿರಿ ಎಂದಷ್ಟೇ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಸಾಧನೆ. ‘ಗರ್ಭಪಾತ ಅಪರಾಧ, ಜೈಲು ಖಚಿತ’ ಎಂದು ಆಸ್ಪತ್ರೆಯ ಗೋಡೆಗೆ ಕೆಂಪಕ್ಷರದ ಫಲಕ ಹೊಡೆಸಿದಿರಿ. ಔಷಧಿ ಅಂಗಡಿಗಳ ಮೇಲೆ ದಾಳಿ ಮಾಡಿ ಫೋಟೋ ತೆಗೆಸಿಕೊಂಡಿರಿ. ಹೆಣ್ಣು ಭ್ರೂಣ ಪತ್ತೆ ಹಚ್ಚಿ ಕೊಲ್ಲುವ ದಂಧೆಕೋರರನ್ನು ಹಿಡಿಯಿರಿ, ಬೇಡವೆಂದವರಾರು? ಅವರ ಮನೆ ತೋರಿಸಲು ನಮ್ಮ ಮಹಿಳಾ ಸಂಘಟನೆಯ ಹೆಣ್ಣುಮಕ್ಕಳೇ ಮುಂದೆ ಬರುತ್ತಾರೆ. ಆದರೆ ನಿಮ್ಮ ಬಲೆಗೆ ಆ ದಂಧೆಕೋರರು ಬೀಳಲಿಲ್ಲ. ಬಿದ್ದವಳು ಮಹಾನಂದಾ.

ಮೂರು ಹೆತ್ತವಳು, ನಾಲ್ಕನೆಯದು ಬೇಡವೆಂದವಳು. ಅತ್ತೆ ಕಾಳವ್ವನಿಗೆ ಗೊತ್ತಾಗದಂತೆ, ಬಸಿರು ನಿಲ್ಲದಿರಲು ದಿನದ ಗುಳಿಗೆ ತಗೊಳ್ಳುತ್ತಿದ್ದಳು. ಟ್ರಂಕು, ಅಕ್ಕಿ ಡಬ್ಬಿ, ದಿಂಬಿನ ಅಡಿ, ಎಲ್ಲಕ್ಕೂ ಅತ್ತೆಯ ಕೈ. ಹಾಗಾಗಿ ಗುಳಿಗೆಗಳನ್ನು ನೇಯುವಾಗ ಕಾಲಿಳಿಬಿಡುವ ಮಗ್ಗದ ಕುಣಿಯಲ್ಲಿ, ತುಳಿಯುವ ಕಾಲ್ಮಣೆಯ ಹಿಂದಿನ ಸಂದಿಯಲ್ಲಿ ಇಟ್ಟಳು. ‘ಆ ಮನ್ಯಾಗ ನಂದು ಅಂತ ಇರೂದು ಕಾಲು ಇಳಿಬಿಡೂವಷ್ಟ ಜಾಗಾರಿ ಅಕ್ಕಾರ’ ಎಂದು ನಕ್ಕಿದ್ದಳು ನನ್ನ ಮುಂದೆ.

ನೇಕಾರರು ಅಮಾವಾಸ್ಯೆಗೆ ಮಗ್ಗ ಮುಟ್ಟುವುದಿಲ್ಲ. ಮಗ್ಗಕ್ಕೆ ಹಾಸಿದ ಉದ್ದೆಳೆ ಮುಗಿದು ಹೊಸ ಎಳೆ ಕೂಡಿಸುವ ದಿನಗಳಲ್ಲಿ ಕುಣಿಗೆ ಇಳಿಯುವವನು ಗಂಡ ಶಿವಸಂಗಪ್ಪ. ಆ ದಿನಗಳಲ್ಲಿ ಮಹಾನಂದಾಳ ಗುಳಿಗೆಗೂ ರಜೆ! ‘ಮಗ್ಗಾ ನಿಂತ್ರ ಗುಳಿಗೀನೂ ನಿಂತ್ರ ನಡೀತೈತಿ ಅನ್ಕೊಂಡಿದ್ನಿರಿ’ ಎಂದು ಬಸಿರು ನಿಂತ ಮೇಲೆ ಅತ್ತಳು. ತಪ್ಪಿಸಿದರೆ ಏನಾಗುತ್ತದೆ, ತಪ್ಪಿದರೆ ಏನು ಮಾಡಬೇಕು ಎಂದು ಯಾರು ಹೇಳಿದ್ದರು ಅವಳಿಗೆ? ನಿಮ್ಮ ಇಲಾಖೆಯವರು ಗುಳಿಗೆಯ ಪಟ್ಟಿಯನ್ನು ಕೈಗಿಟ್ಟು ‘ದಿನಾ ತಗೋ’ ಎಂದು ಮುಂದಿನ ಮನೆಗೆ ನಡೆದಿದ್ದರು. ಗಂಡನಿಗಂತೂ ಯಾರೂ ಏನೂ ಹೇಳಲಿಲ್ಲ. ಮಕ್ಕಳು ಹೆಂಗಸರಿಗಷ್ಟೇ ಆಗುತ್ತವಲ್ಲ! ಇದು ನೀವು ಮುಚ್ಚಿದ ಮೊದಲ ಬಾಗಿಲು.

ಎರಡನೆಯದು ಆಸ್ಪತ್ರೆಯದು. ಗರ್ಭನಿರೋಧಕ ಕೈಕೊಟ್ಟರೆ ನಿಗದಿತ ಅವಧಿಯೊಳಗೆ ಗರ್ಭ ತೆಗೆಸಿಕೊಳ್ಳಬಹುದು, ವಯಸ್ಸಿಗೆ ಬಂದ ಹೆಣ್ಣಿಗೆ ಅವಳ ಒಪ್ಪಿಗೆಯೊಂದೇ ಸಾಕು ಎಂದು ಈ ದೇಶದ ಕಾನೂನೇ ಹೇಳುತ್ತದೆ. ನಿಮ್ಮ ಫಲಕ ಅದನ್ನು ಹೇಳುವುದಿಲ್ಲ. ಫಲಕ ಓದಿದ ವೈದ್ಯರು ಬೆವರಿ ಅವಳನ್ನು ಹೊರಗೆ ಕಳಿಸಿದರು. ಬಾಗಿಲಲ್ಲಿದ್ದ ಸಿಬ್ಬಂದಿಯೊಬ್ಬ ನಾಲ್ಕು ಮಂದಿಗೆ ಕೇಳುವಂತೆ, ‘ಗಂಡನ ಸಹಿ ಹಾಕಿಸ್ಕೊಂಡು ಬಾರವಾ. ಮಾಡೂವಾಗ ಇಬ್ರು, ತಗಸೂವಾಗ ಒಬ್ಬಾಕೀನ?’ ಎಂದ. ಸರದಿಯಲ್ಲಿದ್ದವರು ನಕ್ಕರಂತೆ. ಆಕೆ ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಹತ್ತದಿದ್ದರೆ ಗರ್ಭಪಾತ ನಿಂತಿತೇ ಸಾಹೇಬರೇ? ದವಾಖಾನೆ ಬಿಟ್ಟು ಹಿತ್ತಲಿಗೆ ಹೋಯಿತು, ಅಷ್ಟೇ. ಯಾರೋ ಕದ್ದುಮುಚ್ಚಿ ಕೊಟ್ಟ ಗರ್ಭ ಇಳಿಸುವ ಮಾತ್ರೆ ನುಂಗಿ, ರಕ್ತ ಹರಿಯುವುದನ್ನು ಸೀರೆಯಲ್ಲಿ ಮುಚ್ಚಿ ಮಗ್ಗದ ಮೇಲೇ ಕೂತಿದ್ದಳು. ಕೆಳಗೆ ಕುಣಿ ತೊಯ್ದಾಗ ಕಾಳವ್ವ ಚೀರಿದಳು. ಬಾಗಲಕೋಟೆಗೆ ಗಾಡಿಯಲ್ಲಿ ಒಯ್ಯುವಾಗ ಮಹಾನಂದಾಳ ತಲೆ ನನ್ನ ತೊಡೆಯ ಮೇಲಿತ್ತು. ‘ಯವ್ವಾ, ಜೈಲಿಗಿ ಹಾಕ್ತಾರೇನ್ರಿ ನನ್ನ?’ ಅಷ್ಟೇ ಅವಳ ಕಡೆಯ ಮಾತು. ಸಾಯುವಾಗಲೂ ನಿಮ್ಮ ಭಯವೇ ಇತ್ತು. ನಿಮ್ಮ ಫಲಕ ಎಷ್ಟು ಚೆನ್ನಾಗಿ ಕೆಲಸ ಮಾಡಿತು ನೋಡಿ!

ವೇದಿಕೆ ಹತ್ತಿ ಕಾಯಕ, ಸಮಾನತೆ ಎನ್ನುತ್ತೀರಿ. ಆ ಫಲಕ ಕೀಳಿಸಿ. ಅದೇ ಗೋಡೆಗೆ ಕಾನೂನು ಏನೇನು ಕೊಡುತ್ತದೆ ಎಂಬುದನ್ನು ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಸಿ. ದಾಳಿಗೆ ಓಡಿದ ಜೀಪುಗಳನ್ನು ಓಣಿಗಳಿಗೆ ಓಡಿಸಿ. ಮಗ್ಗದ ಮುಂದೆ ಕೂತು ಗಂಡನಿಗೂ, ಅತ್ತೆಗೂ, ಸೊಸೆಗೂ ಬಿಡಿಸಿ ಹೇಳುವವರನ್ನು ಕಳಿಸಿ. ದಿನಾ ಬಚ್ಚಿಡಬೇಕಿಲ್ಲದ ವಿಧಾನಗಳೂ ಇವೆಯಲ್ಲ, ಅವನ್ನು ನಗೆಯಾಡದೆ ಕೊಡಿ.

ಮಹಾನಂದಾಳ ಮಗ್ಗದಲ್ಲಿ ಈಗ ಅವಳ ಮೈದುನನ ಹೆಂಡತಿ ಬಸವೇಶ್ವರಿ ಕೂತಿದ್ದಾಳೆ. ಮಡಿಲಲ್ಲಿ ಮೊಲೆ ಬಿಡದ ಕೂಸು. ಮೊನ್ನೆ ನನ್ನ ಸೆರಗು ಹಿಡಿದು ಪಿಸುಗುಟ್ಟಿದಳು: ‘ಅಕ್ಕಾರ, ಕುಣಿ ಅಂತೂ ಈಗ ಅತ್ತಿಗಿ ಗೊತ್ತಾಗೇತಿ. ನಾ ಗುಳಿಗಿ ಎಲ್ಲಿ ಇಡ್ಲಿರಿ?’

ಉತ್ತರ ನೀವು ಕೊಡಬೇಕು. ಎಲ್ಲರ ಎದುರು ಕೊಡಬೇಕು.

ಇಂತಿ,
ಬಸವೇಶ್ವರಿಯ ಓಣಿಗೆ ಹೋಗಲು ಈಗ ಕಾಲೇಳದ,
ನೇತ್ರಾ, ಇಳಕಲ್