ಆನೆಕಟ್ಟೆಯ ಸೆನ್ಸರ್

ಪುಣಜನೂರು

ಅಕ್ಕಾ, ಮಗಳ ಮನೆ ಸುಖವಾಗಿ ಸೇರಿದೆ, ಮಂಡಿನೋವು ಕಡಿಮೆ.

ಅಳಿಯ ನಿಂಗರಾಜು ಅರಿಶಿನದ ಹೊಲದಲ್ಲಿ ಸೆನ್ಸರ್ ನೆಟ್ಟಿದ್ದ. ಮಣ್ಣು ಒಣಗಿದರೆ ಅದು ಕ್ಲೌಡಿಗೆ ಸುದ್ದಿ ಕಳಿಸಿ ಮೋಟಾರು ಓಡಿಸುತ್ತಿತ್ತು. ಮೊನ್ನೆ ನೀರು ಹುಡುಕಿ ಬಂದ ಆನೆ ಅದನ್ನು ಕಿತ್ತೊಯ್ದು ಕಾಡಂಚಿನ ಬತ್ತಿದ ಕಟ್ಟೆಯಲ್ಲಿ ಬಿಸಾಡಿತು. ಮರುದಿನ ಅರಣ್ಯದವರು ಆ ಕಟ್ಟೆ ತುಂಬಿಸಿದರು. ಇತ್ತ ಅರಿಶಿನ ಬಾಡುತ್ತಿದ್ದರೂ ಫೋನು ಹೊಲ ಒದ್ದೆಯಿದೆ ಎನ್ನುತ್ತಿತ್ತು! ಫೋನಿನ ನಕ್ಷೆಯಲ್ಲಿ ಸೆನ್ಸರ್ ಕಟ್ಟೆಯಲ್ಲಿರುವುದು ಕಂಡಾಗಲೇ ಗುಟ್ಟು ತಿಳಿದದ್ದು.

ಅದನ್ನು ತರಲು ಹೊರಟ ಅಳಿಯನನ್ನು ಬೀಗಿತ್ತಿ ಮೂಗಮ್ಮ ತಡೆದರು: "ಅಲ್ಲೇ ಇರ್ಲಿ ಬುಡ್ಲಾ. ಕಟ್ಟೇಲಿ ನೀರಿರೋಗಂಟ ಆನೆ ಈ ಕಡೆ ಬರಾಕಿಲ್ಲ. ಬತ್ತುದ್ರೆ ಫೋನೇ ಹೇಳ್ತದೆ ಕಣ."

ಈಗ ಮೋಟಾರನ್ನು ಅಳಿಯನೇ ಹಾಕುತ್ತಾನೆ, ಅರಿಶಿನ ಚೇತರಿಸಿಕೊಂಡಿದೆ. ಬೆಳಗಾದರೆ ಮನೆಮಂದಿಯೆಲ್ಲ ಫೋನಿನ ಸುತ್ತ ಸೇರಿ ಆನೆಗೆ ನೀರಿದೆಯೇ ಎಂದು ನೋಡುತ್ತೇವೆ. ಇದೆ ಎಂದರೆ ಕಾಡಿನ ತಂಪೆಲ್ಲ ನಮ್ಮ ಜಗಲಿಗೇ ಬಂದು ಕೂತಂತಾಗುತ್ತದೆ.

ಕಾರ್ಡಿನಲ್ಲಿ ಜಾಗ ಮುಗಿಯಿತು. ನಿನ್ನ ತಂಗಿ, ನೀಲಾ