ರಾಜೀಖುಷಿಯ ಕಾಗದ

ಮಾನ್ವಿ, ಬಜಾರ ಓಣಿ
ಬುಧವಾರ, ೧೦ ನವೆಂಬರ್ ೧೯೪೮

ಚಿರಂಜೀವಿ ಸೌಭಾಗ್ಯವತಿ ಶಿವಬಸಮ್ಮಗೆ,

ನಿನ್ನ ಮೊದಲಿನ ಮಾವ ವಿರೂಪಣ್ಣ ಮಾಡುವ ಆಶೀರ್ವಾದ. ಸೌಭಾಗ್ಯವತಿ ಎಂದು ಬರೆಯುವಾಗ ಕೈ ಒಂದು ಗಳಿಗೆ ನಿಂತಿತು, ಸುಳ್ಳು ಯಾಕೆ ಹೇಳಲಿ. ನನ್ನ ಮಗ ಅಮರೇಶ ತೀರಿಕೊಂಡ ಮೇಲೆ ಆ ಮಾತನ್ನು ನಿನ್ನ ಹೆಸರಿನ ಜೊತೆ ಬರೆದದ್ದು ಇದೇ ಮೊದಲು. ಆದರೆ ನಿನಗೆ ಉಡಿಕೆಯಾಗಿ, ಎರಡನೆಯ ಸಂಸಾರ ಹೂಡಿ ಎರಡು ವರ್ಷವಾಗುತ್ತ ಬಂತು. ಇನ್ನೂ ಬರೆಯದಿದ್ದರೆ ತಪ್ಪು ನನ್ನದು. ಆರೋಗ್ಯವಾಗಿದ್ದೀಯಾ, ತಾಯೀ? ಆದವಾನಿಯ ಹತ್ತಿ ಧೂಳಿಗೆ ಕೆಮ್ಮು ಹತ್ತಿದೆ ಎಂದು ಕೇಳಿದ್ದೆ, ಈಗ ಇಳಿಯಿತೇ? ರಾತ್ರಿ ಬಿಸಿನೀರಿಗೆ ಅಜವಾನ ಹಾಕಿಕೊಂಡು ಕುಡಿ. ನಿನ್ನ ಯಜಮಾನರ ಮೊಣಕಾಲು ಹೇಗಿದೆ? ಈ ಕಾಗದವನ್ನು ನಿನಗೆ ಓದಿ ಹೇಳುವವನು ಅವನೇ ಎಂದು ಬಲ್ಲೆ. ಗಡಿಗೆಪ್ಪಾ, ದೊಡ್ಡವನೆಂದು ನನ್ನ ಮರ್ಯಾದೆ ಉಳಿಸಲು ಹೋಗಬೇಡಪ್ಪಾ. ಒಂದಕ್ಷರ ನುಂಗದೆ ಓದು.

ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ನಾನು ಬರೆಯಲಾರೆ. ಶನಿವಾರದಿಂದ ನನ್ನ ಎದೆ ಹತೋಟಿಗೆ ಬಂದಿಲ್ಲ. ನಿನ್ನೆ ಅಂಗಡಿಯಲ್ಲಿ ಧೋತರ ಕೇಳಿದವನಿಗೆ ಕುಬಸದ ಖಣ ಹರಿದುಕೊಟ್ಟೆನಂತೆ. ಅವನು ನಕ್ಕ, ನನಗೆ ನಗುವುದೂ ತಿಳಿಯಲಿಲ್ಲ.

ನೀನು ಹೋದ ಬೆಳಗು ನಿನಗೆ ಗೊತ್ತು, ನನ್ನ ಕಡೆಯದು ಗೊತ್ತಿಲ್ಲ. ಉಡಿಕೆಗೆ ಹೋಗುವ ಹೆಣ್ಣು ಹಿಂದಿನ ಗಂಡನ ಕೂಸಿನ ಕಣ್ಣಿಗೆ ಬೀಳದೆ ಊರು ಬಿಡಬೇಕು, ಕೂಸು ತಂದೆಯ ಮನೆಗೇ ಉಳಿಯಬೇಕು ಎಂದು ನಮ್ಮವರಲ್ಲಿ ನಡೆದುಬಂದಿದೆ. ಅದಕ್ಕೇ ನಿನ್ನ ಅಣ್ಣಂದಿರು ನಿನ್ನನ್ನು ತವರು ದೇವದುರ್ಗಕ್ಕೆ ಕರೆದೊಯ್ಯಲು ಬಂದ ಮರುದಿನ ಬೆಳಗ್ಗೆ ನಾನು ಬಸಲಿಂಗಿಯನ್ನು ಗಾಡಿಯಲ್ಲಿ ಕೂಡಿಸಿಕೊಂಡು ಕವಿತಾಳದ ಸಂತೆಗೆ ಹೊರಟೆ. ಐದು ವರ್ಷದ ಕೂಸು. ಎರಡೂ ಕೈ ತುಂಬ ಹಸಿರು ಬಳೆ ಇಡಿಸಿಕೊಂಡು, ಅವ್ವಗ ತೋರಿಸ್ತೀನಿ ಎಂದು ದಾರಿಯುದ್ದಕ್ಕೂ ಕೈ ಮೇಲೆತ್ತಿ ಹಿಡಿದೇ ಬಂದಳು. ಮನೆಗೆ ಬಂದು ಒಂದೊಂದೇ ಖೋಲಿ ಹುಡುಕಿದಳು. ನಾನು ಬಾಯಿಗೆ ಬಂದದ್ದು ಹೇಳಿದೆ: 'ಅವ್ವ ಹೊಳಿ ಆಚೆ ಊರಿಗಿ ಹೋಗ್ಯಾಳವ್ವಾ, ಬರ್ತಾಳ.'

ಆಗ ಆದವಾನಿ ಎಂದರೆ ರಾಯಚೂರಿನಿಂದ ಎರಡು ತಾಸಿನ ರೈಲು. ಆರು ತಿಂಗಳಲ್ಲಿ ತುಂಗಭದ್ರೆಯ ಆಚೆ ಒಂದು ದೇಶ, ಈಚೆ ನಮ್ಮ ನವಾಬರ ಮೊಗಲಾಯಿ ಇನ್ನೊಂದು ದೇಶ ಎಂದಾಯಿತು. ರೈಲು ಇವತ್ತು ಉಂಟು, ನಾಳೆ ಇಲ್ಲ. ಟಪಾಲಿನ ಗತಿಯೂ ಅದೇ. ನನ್ನ ಸುಳ್ಳಿಗೆ ಸರ್ಕಾರವೇ ಜಾಮೀನು ಕೊಟ್ಟಂತಾಯಿತು. 'ದಾರಿ ಬಂದ್ ಮಾಡ್ಯಾರ, ಬಿಟ್ಟ ಕೂಡ್ಲೆ ಬರ್ತಾಳ' ಎಂದು ಒಂದು ವರ್ಷ ದೂಡಿದೆ. ಹೋದ ಸೆಪ್ಟೆಂಬರಿನಲ್ಲಿ ಹಿಂದೂಸ್ತಾನದ ಫೌಜು ಬಂತು, ದಾರಿ ತೆರೆಯಿತು. ಅಂದಿನಿಂದ ಬಸಲಿಂಗಿ ದಿನಾ ಬಾಗಿಲಲ್ಲಿ ಕೂರತೊಡಗಿದಳು. ನಾನು ಏನೂ ಹೇಳದೆ ಹಿತ್ತಲ ಬಾಗಿಲಿಂದ ಅಂಗಡಿಗೆ ಹೋಗತೊಡಗಿದೆ.

ಈಗ ಶನಿವಾರದ ಮಾತು. ಈ ಸಲದ ಮಳೆಗೆ ಕಾಗದಪತ್ರದ ಪೆಟ್ಟಿಗೆಯಲ್ಲಿ ತಂಪು ಇಳಿದಿತ್ತು. ಎಲ್ಲವನ್ನೂ ಮಾಳಿಗೆಯ ಮೇಲೆ ಬಿಸಿಲಿಗೆ ಹರವಿ, ಗಾಳಿಗೆ ಹಾರದಂತೆ ಕಲ್ಲು ಹೇರಿ, ಕಾಯಲು ಬಸಲಿಂಗಿಯನ್ನು ಕೂಡಿಸಿದೆ. ನಿನಗೆ ಗೊತ್ತಿಲ್ಲ, ನಾನು ಅವಳಿಗೆ ಓದಲು ಕಲಿಸಿದ್ದೇನೆ. ಬೆಲ್ಲ ಕಟ್ಟಿ ತಂದ ಕಾಗದದ ತುಣುಕನ್ನೂ ಬಿಡುವುದಿಲ್ಲ, ಗಟ್ಟಿಯಾಗಿ ಓದಿಯೇ ತೀರಬೇಕು. ನಾನು ಕೆಳಗೆ ಪಡಸಾಲೆಯಲ್ಲಿ ಕೂತಿದ್ದೆ. ಮೇಲಿಂದ ಅವಳ ಓದು ಕೇಳಿಸುತ್ತಿತ್ತು. ಎಷ್ಟು ಚೊಕ್ಕ ಓದುತ್ತಾಳಲ್ಲ, ಒತ್ತಕ್ಷರವೂ ತಪ್ಪುತ್ತಿಲ್ಲವಲ್ಲ ಎಂದು ನಾನು ಹಿಗ್ಗುತ್ತ ಕೂತಿದ್ದೆ, ಹುಚ್ಚಮುದುಕ. 'ನನ್ನ ರಾಜೀಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ' ಎಂದಳು. ಯಾವುದೋ ಹೊಲದ ಪತ್ರ ಎಂದುಕೊಂಡೆ. 'ನನ್ನ ಹೊಟ್ಟೆಯ ಹೆಣ್ಣುಕೂಸು ಬಸಲಿಂಗಮ್ಮ ಎಂಬುವಳನ್ನು ಗಂಡನ ಮನೆಯವರಿಗೆ ಬಿಟ್ಟುಕೊಟ್ಟು' ಎಂದಳು. ತನ್ನ ಹೆಸರು ಬಂದಿತೆಂದು ಖುಷಿಗೆ ಆ ಸಾಲನ್ನು ಎರಡು ಸಲ ಓದಿದಳು. ನಾನು ಎದ್ದು ಓಡಿದೆ. ಏಣಿ ಹತ್ತುವಷ್ಟರಲ್ಲಿ 'ಇನ್ನು ಮುಂದೆ ಸದರಿ ಕೂಸಿನ ಮೇಲೆ ನನ್ನ ಹಕ್ಕಾಗಲಿ ತಂಟೆಯಾಗಲಿ ಇರುವುದಿಲ್ಲ' ಎಂಬಲ್ಲಿಗೆ ಬಂದು ನಿಂತಿದ್ದಳು. ಕೆಳಗೆ ನಿನ್ನ ಹೆಸರು, ಹೆಬ್ಬೆಟ್ಟು.

'ಮುತ್ಯಾ, ರಾಜೀಖುಷಿ ಅಂದ್ರ ಏನು?' ಎಂದು ಕೇಳಿದಳು. ನಾನು ಕಾಗದಗಳ ಮೇಲಿನ ಕಲ್ಲು ಸರಿಪಡಿಸತೊಡಗಿದೆ. 'ನಮ್ಮವ್ವ ನನ್ನ ಖುಷೀಲೆ ಬಿಟ್ಟು ಹೋದ್ಳೇನು?' ಎಂದಳು. ನಾನು ಆ ಕಾಗದಕ್ಕೆ ಕೈ ಚಾಚಿದೆ. ಅವಳು ಕಾಗದವನ್ನು ಮಡಿಕೆ ತಪ್ಪದಂತೆ ಮಡಿಸಿ ನನ್ನ ಕೈಗಿಟ್ಟು ಕೆಳಗಿಳಿದು ಹೋದಳು. ಅಳಲಿಲ್ಲ. ಅತ್ತಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಆ ದಿನದಿಂದ ಬಾಗಿಲಲ್ಲಿ ಕೂರುವುದನ್ನು ಬಿಟ್ಟಿದ್ದಾಳೆ, ನನ್ನ ಸಂಗಡ ಮಾತೂ ಬಿಟ್ಟಿದ್ದಾಳೆ.

ತಾಯೀ, ನನ್ನ ಕೈಬರಹಕ್ಕೆ ಊರಲ್ಲಿ ಹೆಸರಿದೆ. ನಮ್ಮವರಲ್ಲಿ ಉಡಿಕೆಯಾದಾಗಲೆಲ್ಲ ಬಿಡುಗಡೆಯ ಸೋಡಪತ್ರ ಬರೆದವನು ನಾನೇ. ಒಕ್ಕಣೆ ಯಾವಾಗಲೂ ಒಂದೇ, ರಾಜೀಖುಷಿಯಿಂದ, ಒತ್ತಾಯವಿಲ್ಲದೆ. ಯಾವ ಹೆಣ್ಣಿಗೆ ರಾಜಿಯಿತ್ತು, ಯಾರಿಗೆ ಖುಷಿಯಿತ್ತು ಎಂದು ಒಂದು ದಿನವೂ ಕೇಳಲಿಲ್ಲ. ನಿನ್ನದನ್ನು ಬರೆಯುವಾಗಲೂ ಅಕ್ಷರ ದುಂಡಗೆ ಬಂದಿವೆಯೇ ಎಂದಷ್ಟೇ ನೋಡಿದೆ. ಅಮರೇಶನದೆಂದು ಉಳಿದದ್ದು ಅದೊಂದೇ ಕುಡಿ, ಅದು ಹೋದರೆ ಮನೆಯಲ್ಲಿ ಏನಿದೆ ಎಂಬ ಆಸೆ ನನ್ನದು. ಹಿರಿಯರು ಹೇಳಿದರು ಎನ್ನುತ್ತೇನೆ, ಆದರೆ ಹಿರಿಯರಿಗಿಂತ ದೊಡ್ಡ ದನಿಯಲ್ಲಿ ಹೇಳಿದವನು ನಾನು. ಶನಿವಾರ ಸಂಜೆ ನಿನ್ನ ಅತ್ತೆ ವೀರಭದ್ರಮ್ಮ ರೊಟ್ಟಿಯ ತಾಟನ್ನು ನನ್ನ ಮುಂದೆ ಕುಕ್ಕಿ, 'ಬರಿಯಾಕ ಕೈ ಇತ್ತು, ಖರೇ ಹೇಳಾಕ ಬಾಯಿ ಇಲ್ಲೇನ್ರಿ ನಿಮಗ?' ಎಂದಳು. ನಲವತ್ತು ವರ್ಷದ ಸಂಸಾರದಲ್ಲಿ ಅವಳು ನನಗೆ ಎದುರಾಡಿದ್ದು ಅದೇ ಮೊದಲು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಆ ಗದ್ದಲದ ದಿನಗಳಲ್ಲಿ ಗಾಡಿಯ ದಸ್ತಗೀರ್ ಸಾಬ್ ಪ್ರಾಣ ಕೈಯಲ್ಲಿ ಹಿಡಿದು ಹೊಳೆ ದಾಟಿ ನಿನ್ನ ಎರಡು ಕಾಗದ ತಂದುಕೊಟ್ಟ. ಕೂಸಿಗೆ ಹಲ್ಲು ಬಿದ್ದವೇ, ಕೂದಲು ಯಾರು ಹೆಣೆಯುತ್ತಾರೆ ಎಂದು ನೀನು ಬರೆಯಿಸಿ ಕೇಳಿದ್ದೆ. ಕಾಗದ ನಮಗೆ ಮುಟ್ಟಲಿಲ್ಲವೆಂದು ಹೇಳು ಎಂದು ಸಾಬನಿಗೇ ಸುಳ್ಳು ಕಲಿಸಿ ಕಳಿಸಿದೆ. ಅವನು ಮುಖ ತಿರುವಿ ಹೋದವನು ಇಂದಿಗೂ ಅಂಗಡಿಯ ಮೆಟ್ಟಿಲು ಹತ್ತಿಲ್ಲ. ನಾಲ್ಕು ಹಲ್ಲು ಬಿದ್ದಿವೆ, ಎರಡು ಬಂದಿವೆ. ಕೂದಲನ್ನು ವೀರಭದ್ರಮ್ಮ ಹೆಣೆಯುತ್ತಾಳೆ.

ಸೋಮವಾರ ದೇವದುರ್ಗಕ್ಕೆ ಹೋಗಿ ನಮ್ಮವರ ಹಿರಿಯರ ಮುಂದೆ ಆ ಪತ್ರ ಹರಿದು ಬಂದೆ. 'ಬಿಟ್ಟ ಕೂಸಿನ್ನ ಹೊಳಿ ದಾಟಿಸಿದ್ರ ನಿಮ್ಮ ಮನಿ ನೀರು ಕುಡಿಯಂಗಿಲ್ಲ, ವಿರೂಪಣ್ಣ' ಎಂದರು. ಕುಡಿಯದಿದ್ದರೆ ಬಿಡಲಿ, ನಮ್ಮ ಭಾವಿ ತುಂಬಿಯೇ ಇರುತ್ತದೆ. ತೊಡಕು ಅವರದಲ್ಲ, ಮಗುವಿನದು. ಆದವಾನಿಗೆ ಹೋಗೋಣ ನಡಿ ಎಂದು ಅಜ್ಜಿಯ ಕೈಲಿ ಹೇಳಿಸಿದರೆ, 'ನಾ ಬರಂಗಿಲ್ಲ. ಆಕಿಗಿ ನಾ ಬ್ಯಾಡಾಗೀನಿ' ಎನ್ನುತ್ತಾಳಂತೆ. ಎತ್ತಿಕೊಂಡು ಬಂದು ನಿನ್ನ ಮುಂದೆ ನಿಲ್ಲಿಸಬಹುದು. ಒಮ್ಮೆ ಹಾಗೆ ಕವಿತಾಳಕ್ಕೆ ಎತ್ತಿಕೊಂಡು ಹೋದವನು ನಾನು, ಇನ್ನೊಮ್ಮೆ ಮಾಡಲಾರೆ. ಅವಳ ಮನಸ್ಸು ಕರಗಿದ ದಿನ ಬರೆಯುತ್ತೇನೆ, ಆವರೆಗೆ ತಡೆದುಕೋ ತಾಯೀ. ನನ್ನ ಮೇಲೆ ಸಿಟ್ಟು ಮಾಡಿಕೊ, ಕೂಸಿನ ಮೇಲೆ ಮಾಡಿಕೊಳ್ಳಬೇಡ.

ವೀರಭದ್ರಮ್ಮ ನಿನಗೆ ಹಣೆ ಮುಟ್ಟಿ ಹರಸಿದ್ದಾಳೆ. ಗಡಿಗೆಪ್ಪನಿಗೆ ನನ್ನ ಶರಣು. ನಿಮ್ಮ ಮನೆಯ ದೀಪ ಚೆನ್ನಾಗಿ ಉರಿಯಲಿ.

ವಿರೂಪಣ್ಣ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಇದನ್ನೆಲ್ಲ ಬಸಲಿಂಗಿಗೆ ಓದಿ ಹೇಳಿದೆ. ಐದು ದಿನದ ಮೇಲೆ ಬಾಯಿಬಿಟ್ಟಳು: 'ಹೆಬ್ಬಟ್ಟು ಒತ್ತಿಸಿದ್ದು ನೀ ಬರದಿಲ್ಲ.' ಅಜ್ಜಿ ಅವಳಿಗೆ ಎಲ್ಲ ಹೇಳಿಬಿಟ್ಟಿದ್ದಾಳೆ. ಈಗ ನನ್ನ ಬೆನ್ನ ಹಿಂದೆ ನಿಂತು ಒಂದೊಂದಕ್ಷರ ಓದುತ್ತಿದ್ದಾಳೆ, ಅದಕ್ಕೇ ಬರೆಯುತ್ತೇನೆ. ನೀನು ಹೋಗುವ ಹಿಂದಿನ ರಾತ್ರಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡು ಗೋಡೆಗೆ ಒತ್ತಿ ಕೂತಿದ್ದೆ. 'ಯಪ್ಪಾ, ಕೂಸಿನ್ನ ಕೊಡ್ರಿ, ಇಲ್ಲಾಂದ್ರ ನಾ ಹೋಗಂಗಿಲ್ಲ' ಎನ್ನುತ್ತಿದ್ದೆ. ನಿನ್ನ ಅಣ್ಣಂದಿರು ತೋಳು ಹಿಡಿದರು. ಮುಷ್ಟಿ ಬಿಡಿಸಿದವನು ನಾನು. ಮಸಿ ಹಚ್ಚಿ ಒತ್ತಿದ್ದು ನನ್ನ ಕೈ. ಆ ಪತ್ರದಲ್ಲಿ ನಿನ್ನ ಖುಷಿ ಒಂದು ಚೂರೂ ಇರಲಿಲ್ಲ. ಇದು ಖರೆ, ಇದಕ್ಕೆ ನನ್ನ ಸಹಿ. ವಿರೂಪಣ್ಣ.

ಎರಡು ಸಲ ಓದಿದಳು. ಸಹಿಯ ಮೇಲೆ ಬೆರಳಿಟ್ಟು ನೋಡಿದಳು. 'ಈಗ ಬಾ ಅಂತ ಬರಿ' ಎಂದಳು. ಶಿವಬಸಮ್ಮಾ, ಬಾ.