ಚಿನ್ನೂನ ಕೂದಲು

ಹಡಪಸರ, ಸೋಮವಾರ

ಚಿ. ಕೇದಾರನಿಗೆ ಅವ್ವನ ಆಶೀರ್ವಾದ.

ನಿನ್ನ ಹೆಂಡತಿಯ ಎದುರು ಹೇಳಲು ಬಾಯಿ ಬರಲಿಲ್ಲ, ಅದಕ್ಕೆ ಈ ಚೀಟಿಯನ್ನು ನಿನ್ನ ಊಟದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಚಿನ್ನೂಗೆ ಯಾವ ಊಟ ಒಗ್ಗದೆಂದು ಪರೀಕ್ಷೆ ಮಾಡಿಸಲು ಅವನ ಕೂದಲು ಕತ್ತರಿಸಿ ಲಕೋಟೆಗೆ ಹಾಕಿರೆಂದು ವರದಾ ಹೇಳಿದ್ದಳು. ದೇವರಲ್ಲಿ ಜಾವಳ ತೆಗೆಸುವ ಮೊದಲೇ ಕೂಸಿನ ತಲೆಗೆ ಕತ್ತರಿ ಹಚ್ಚಲು ನನಗೆ ಧೈರ್ಯವಾಗಲಿಲ್ಲ. ನನ್ನ ಬಾಚಣಿಗೆಯಲ್ಲಿದ್ದ ಕರಿ ಕೂದಲನ್ನು ಆರಿಸಿ ಹಾಕಿದೆ.

ಆ ಕೂದಲಿನ ಮೇಲೆ ಬಂದ ವರದಿ ನಂಬಿ ನೀವು ಅವನಿಗೆ ಹಾಲು, ಗೋದಿ, ಬೇಳೆ, ಶೇಂಗಾ ಬಿಡಿಸಿ ಮೂರು ತಿಂಗಳಾಯಿತು. ಈಗ ಅವನು ಹಾಲು ಬೇಡುವುದಿಲ್ಲ. "ನೋಡ್ರಿ ಅತ್ತಿ, ಪಥ್ಯ ಹತ್ತೇದ. ಎಷ್ಟ ಶಾಂತ ಆಗ್ಯಾನ" ಎನ್ನುತ್ತಾಳೆ ವರದಾ.

ಡಬ್ಬಿ ತೆರೆದ ಕೂಡಲೇ ಬಾ, ಡಾಕ್ಟರ ಹತ್ತಿರ ಹೋಗೋಣ.

ಎರಡನೆಯ ಪರೀಕ್ಷೆಯ ಖಾಲಿ ಲಕೋಟೆ ಮೊನ್ನೆ ಬಂದಿದೆ. ಈ ಸಲ ಕತ್ತರಿ ಬೇಕಾಗಿಲ್ಲ. ಅವನ ಕೂದಲು ದಿನಾ ಬೆಳಿಗ್ಗೆ ದಿಂಬಿನ ಮೇಲೆಯೇ ಇರುತ್ತದೆ.

ನಿನ್ನ ಅವ್ವ,
ಭಾಮಾ